ಮೂರು ಬೆರಳು ಕೆಳಗಿಳಿಸಿದ ಕಾರು

ದೋಸ್ತರ, ನನ್ನ ಟರ್ಬೊ ಕಾರಿಗೆ ಮೊದ್ಲು ಟೈರ್ ಬದಲಿ ಮಾಡ್ಲೋ, ಸ್ಪ್ರಿಂಗ್ ಬದಲಿ ಮಾಡ್ಲೋ ಅಂತ ತಿಂಗಳಗಟ್ಲೆ ನಿಮ್ಮ ತಲಿ ತಿಂದೆ. ನೀವೆಲ್ಲಾ ಟೈರ್ ಅಂದ್ರಿ. ನಾ ಮಾತ್ರ ತಿರುವಿನಾಗ ಗಾಡಿ ವಾಲಬಾರ್ದಂತ ಗಿಡ್ಡ ಸ್ಪ್ರಿಂಗ್ ಹಾಕಿಸಿ, ಕಾರು ಮೂರು ಬೆರಳು ಕೆಳಗಿಳಿಸಿದೆ.

ಇವತ್ತ ಹೆಂಗ ಓಡತೈತಿ ನೋಡೋಣಂತ ಇಂಡಿ ಊರಿಂದ ಅಗರಖೇಡ ರೋಡ್ ಹಿಡದೆ. ಒಂದು ತಿರುವಿನಾಗ ರೈತರು ಕೊಯ್ದ ತೊಗರಿ ಗಿಡ ರೋಡ್ ತುಂಬ ಹರವಿದ್ರು, ಹೋಗೋ ಬರೋ ಗಾಡಿ ತುಳದು ಕಾಳು ಉದುರಿ ರಾಶಿ ಆಗ್ಲಿ ಅಂತ. ನನ್ನ ಮುಂದಿನ ಲಾರಿ ಆರಾಮ ದಾಟಿ ಹೋತು. ನನ್ನ ಕಾರು ಅರ್ಧ ತೊಗರಿ ಹೊಟ್ಟಿ ಕೆಳಗ ತುಂಬಿಕೊಂಡು ನಿಂತು ಬಿಡ್ತು. ಬಿಸಿ ಸೈಲೆನ್ಸರಿಗೆ ಒಣ ಕಡ್ಡಿ ತಾಗಿ ಹೊಗಿ ಬರಾಕತ್ತಿತು.

ರಾಶಿ ಕಾಯಾಕತ್ತಿದ್ದ ಒಬ್ಬ ಕಾಕಾ ಕುಡಿಯಾಕ ಇಟ್ಟಿದ್ದ ಕೊಡದ ನೀರು ತಂದು ಸುರವಿದ. ಆಮ್ಯಾಲೆ ನನ್ನ ಜೋಡಿ ರೋಡಿನ ಮ್ಯಾಲೆ ಅಡ್ಡ ಬಿದ್ದು ಒಂದೊಂದ ಕಡ್ಡಿ ಜಗ್ಗಿದ.

"ಕಂಪನಿಯವ್ರು ಇಷ್ಟ್ ತಗ್ಗ ಯಾಕ್ ಮಾಡ್ಯಾರ್ರಿ ಸಾಹೇಬ್ರ?"

"ಕಂಪನಿಯವ್ರಲ್ರಿ ಕಾಕಾ. ನಾನ ರೊಕ್ಕಾ ಕೊಟ್ಟು ಇಳಿಸೇನಿ."

ಕಾಕಾ ನನ್ನ ಮಾರಿ ನೋಡಿದ. ಮತ್ತ ಕಡ್ಡಿ ಜಗ್ಗಾಕತ್ತಿದ.

ಟೈರ್ ಅಂದವ್ರು ಇವತ್ತ ಫೋನ್ ಮಾಡಬ್ಯಾಡ್ರಿ. ಒಂದ ಮಾತು ಖರೆ, ತಿರುವಿನಾಗ ಗಾಡಿ ಒಂಚೂರೂ ವಾಲ್ಲಿಲ್ಲ. ಒಂದು ತಾಸು ನಿಂತ ನೋಡೇನಿ.