ವೀಣೆಯ ರೂಮಿನ ಏಸಿ

ಅಬುಧಾಬಿಯ ಖಲೀಫಾ ಸಿಟಿಯಲ್ಲಿ ನಾವಿದ್ದದ್ದು ಒಂದು ವಿಲ್ಲಾದ ಮೇಲ್ಮಹಡಿಯಲ್ಲಿ. ಮೂರು ರೂಮು, ಮೂರು ಏಸಿ, ತಲೆಯ ಮೇಲೆ ದಿನವಿಡೀ ಕಾಯುವ ತಾರಸಿ. ಬೇಸಿಗೆ ರಜೆ ಬಂತೆಂದರೆ ಹೆಂಡತಿ ಮಗಳನ್ನು ಕರೆದುಕೊಂಡು ಮೈಸೂರಿಗೆ ಹೋಗುತ್ತಿದ್ದಳು. ಎರಡು ತಿಂಗಳು ನಾನು ಆಫೀಸು, ಮೊಸರನ್ನ, ನಿದ್ದೆ ಎಂದು ದಿನ ನೂಕುತ್ತಿದ್ದೆ.

ಆ ವರ್ಷ ಕರೆಂಟ್ ಬಿಲ್ಲು ನೋಡಿ ರೋಸಿಹೋಯಿತು. ನಾನು ದುಡಿಯುವುದೇ ಯಾರೂ ಇಲ್ಲದ ಗೋಡೆಗಳನ್ನು ತಣ್ಣಗಿಡಲಿಕ್ಕೆ ಎನ್ನಿಸಿತು. ಆಫೀಸಿನಲ್ಲಿ ಪಕ್ಕದ ಟೇಬಲ್ಲಿನ ಉಡುಪಿಯವರ ಮುಂದೆ ಗೊಣಗಿಕೊಂಡೆ.

"ಜನ ಇಲ್ಲದ ರೂಮಿಗೆ ಏಸಿ ಎಂತಕ್ಕೆ ಮಾರಾಯ್ರೆ? ಬಂದ್ ಮಾಡಿ, ಬಾಗಿಲಿನ ಅಡಿಗೆ ಬಟ್ಟೆ ತುರುಕಿ. ಖಲಾಸ್," ಎಂದರು ಅವರು.

ಹಾಗೇ ಮಾಡಿದೆ. ಮಗಳ ರೂಮು, ಹೆಂಡತಿ ವೀಣೆ ನುಡಿಸುವ ರೂಮು, ಎರಡರ ಏಸಿಯನ್ನೂ ಆರಿಸಿ ಹಳೆಯ ಲುಂಗಿಗಳನ್ನು ಬಾಗಿಲ ಸಂದಿಗೆ ಒತ್ತಿದೆ. ಉಳಿದ ಒಂದರಲ್ಲೇ ಊಟ, ಇಸ್ತ್ರಿ, ನಿದ್ದೆ. ಮೊದಲ ತಿಂಗಳ ಬಿಲ್ಲು ಬಂದಾಗ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ವಾರಕ್ಕೊಮ್ಮೆ ಫೋನಿನಲ್ಲಿ ಅವಳು ವೀಣೆಯನ್ನು ವಿಚಾರಿಸುತ್ತಿದ್ದಳು. ಅದು ತೀರಿಹೋದ ಅವಳ ಅಮ್ಮನದು. ಸಂಜೆ ಅದರ ಮುಂದೆ ಕೂರುವ ಒಂದು ಗಂಟೆಯ ಆಸೆಗೇ ಅವಳು ಅಬುಧಾಬಿಯನ್ನು ಸಹಿಸಿಕೊಂಡಿದ್ದಳೇನೋ. "ಬಾಗಿಲು ಹಾಕಿದ್ದೀನಿ, ಧೂಳೂ ಹೋಗಲ್ಲ," ಎನ್ನುತ್ತಿದ್ದೆ.

ಅವರು ಬರುವ ದಿನ ಬೆಳಿಗ್ಗೆ ಎಲ್ಲ ಏಸಿಗಳನ್ನೂ ಹಾಕಿ ಏರ್‌ಪೋರ್ಟಿಗೆ ಹೋದೆ. ಮನೆಗೆ ಬಂದವಳು ಕೈಕಾಲು ತೊಳೆದು ನೇರ ಆ ರೂಮಿಗೆ ಹೋಗಿ ವೀಣೆಯ ಹೊದಿಕೆ ತೆಗೆದಳು. ವೀಣೆಯ ತಂತಿಗಳ ಕೆಳಗಿನ ಹಿತ್ತಾಳೆ ಮೆಟ್ಟುಗಳನ್ನು ಕೂರಿಸುವುದು ಮೇಣದಲ್ಲಿ. ಎರಡು ತಿಂಗಳ ಕಾವಿಗೆ ಮೇಣ ಮೆತ್ತಗಾಗಿ ಪಕ್ಕಕ್ಕೆ ಇಳಿದಿತ್ತು. ಮೆಟ್ಟುಗಳು ಒಂದರ ಮೇಲೊಂದು ಒರಗಿ, ಅಲ್ಲಲ್ಲಿ ಬಿದ್ದಿದ್ದವು. ಅಷ್ಟು ವರ್ಷ ಅದೇ ಮನೆಯಲ್ಲಿ ಅದನ್ನು ಕೇಳುತ್ತಿದ್ದ ನನಗೆ ಇಷ್ಟು ತಿಳಿದಿರಲಿಲ್ಲ. ನಾಚಿಕೆಯಾಯಿತು.

"ಮತ್ತೆ ಕೂರಿಸಬಹುದಲ್ಲ?" ಎಂದೆ.

"ಕೂರಿಸಬಹುದು. ಇದನ್ನ ಕೂರಿಸುವಾಗ ಅಮ್ಮ ಪಕ್ಕದಲ್ಲಿ ಕೂತು ಒಂದೊಂದು ಸ್ವರಾನೂ ಕೇಳಿ ಸರಿಮಾಡಿಸಿದ್ರು ರೀ. ಅವರ ಕಿವಿ ಎಲ್ಲಿಂದ ತರ್ತೀರಿ?"

ಬೈದಿದ್ದರೆ ಸುಧಾರಿಸಿಕೊಳ್ಳುತ್ತಿದ್ದೆನೇನೋ. ಅವಳು ಬಿದ್ದ ಮೆಟ್ಟುಗಳನ್ನು ಆರಿಸಿ ಕರವಸ್ತ್ರದಲ್ಲಿ ಕಟ್ಟಿಟ್ಟು ಅಡುಗೆಮನೆಗೆ ಹೋದಳು.

ಮುಂದಿನ ರಜೆಗೆ ವೀಣೆಯನ್ನು ರಿಪೇರಿಗೆಂದು ಮೈಸೂರಿಗೆ ಒಯ್ದವಳು ಅಲ್ಲೇ ಬಿಟ್ಟು ಬಂದಳು. ಆ ಎರಡು ತಿಂಗಳು ಮನೆಯಲ್ಲಿ ನಾನೊಬ್ಬನೇ. ಮಗಳ ರೂಮಿನ ಏಸಿ ಆರಿಸಿದೆ. ವೀಣೆಯಿಲ್ಲದ ರೂಮಿನದು ಮಾತ್ರ ಹಗಲೂ ರಾತ್ರಿ ಓಡುತ್ತಿತ್ತು.