ಯಜಮಾನರ ಬೀರು ಮತ್ತು ಗೆದ್ದಲು

ಗೆಳೆಯರೇ, ಗೆದ್ದಲಿಗೆ ಔಷಧಿ ಹೊಡೆಯಲು ನಂಬಿಕಸ್ಥರು ಯಾರೆಂದು ಕೇಳಿದ್ದಿರಲ್ಲ, ಹೇಳುತ್ತೇನೆ. ಯಜಮಾನರು ತೀರಿಕೊಂಡ ಮೇಲೆ ಅವರ ಮರದ ಬೀರುವನ್ನು ನಾನು ತೆರೆದಿರಲೇ ಇಲ್ಲ. ಹೋದ ವರ್ಷ ಬಂದ ಕಂಪನಿಯವನು, "ಇರಲಿ ಬಿಡಿ ಆಂಟೀಜಿ, ಹೊರಗಿನಿಂದಲೇ ಹೊಡೀತೀನಿ" ಅಂದ. ಮನಸ್ಸು ಅರಿತವನೆಂದು ಮಧ್ಯಪ್ರದೇಶದ ಈ ಪೀತಮ್‌ಪುರದ ಕನ್ನಡದವರಿಗೆಲ್ಲ ಅವನ ನಂಬರು ಹಂಚಿದ್ದೆ.

ಇವತ್ತು ಬೇರೊಬ್ಬ ಬಂದ. ಬೀರುವಿನ ಹಿಂಬದಿಯನ್ನು ತಟ್ಟಿ ನೋಡಿ, "ಇದನ್ನ ಖಾಲಿ ಮಾಡದೆ ಹೊಡೆದರೆ ನಿಮಗೆ ಮೋಸ ಮಾಡಿದ ಹಾಗೆ" ಅಂದ. ತೆರೆದೆ. ಅಂಗಿಗಳೆಲ್ಲ ಮಡಿಸಿಟ್ಟಂತೆಯೇ ಮಣ್ಣಾಗಿದ್ದವು.

"ಏನೂ ಉಳಿದಿಲ್ಲವಾ, ಭಯ್ಯಾ?"

"ಅಂಗಿ ಗುಂಡಿಗಳಿವೆ, ಆಂಟೀಜಿ," ಎಂದು ಆರಿಸಿ ನನ್ನ ಅಂಗೈಗೆ ಹಾಕಿದ.

ಇವನು ನಂಬಿಕಸ್ಥ. ಬೇಕಾದವರು ಕೇಳಿ, ನಂಬರು ಕೊಡುತ್ತೇನೆ. ನನಗಂತೂ ಇನ್ನು ಬೇಕಾಗುವುದಿಲ್ಲ.