ವಿನಿಮಯಕ್ಕೆ ಮೇಡಂ ಹೇಳಿದ ಅರ್ಥ

ಆ ಶಿಕ್ಷಣ ನೀತಿಗೆ ಬೆಲೆ ತೆತ್ತವರು ಇತಿಹಾಸ ಓದಲು ಬಂದಿದ್ದ ಹದಿನೇಳು ಹೆಣ್ಣುಮಕ್ಕಳು ಮತ್ತು ಅವರಿಗೆ ಪಾಠ ಹೇಳುತ್ತಿದ್ದ ಒಬ್ಬ ಅತಿಥಿ ಉಪನ್ಯಾಸಕಿ. ಅದನ್ನು ಬರೆದವರಿಗೆ, ಬರೆಸಿದವರಿಗೆ, ಓದದೆ ಒಪ್ಪಿದವರಿಗೆ ಏನೂ ಆಗಲಿಲ್ಲ.

ಆ ಉಪನ್ಯಾಸಕಿಯ ಬಲಗೈಯ ಮೂರು ಬೆರಳುಗಳ ತುದಿ ಸದಾ ಬಿರಿದಿರುತ್ತಿತ್ತು. ಸೀಮೆಸುಣ್ಣ ಅವರ ಚರ್ಮಕ್ಕೆ ಆಗುತ್ತಿರಲಿಲ್ಲ. ನಾನು ಅವರ ವಿದ್ಯಾರ್ಥಿನಿಯಾಗಿದ್ದಾಗ ಹಳೆಯ ಪ್ರಶ್ನೆಪತ್ರಿಕೆಯ ಚೂರನ್ನು ಸೀಮೆಸುಣ್ಣಕ್ಕೆ ಸುತ್ತಿಕೊಂಡು ಬರೆಯುತ್ತಿದ್ದರು. ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾದ ಮೇಲೆ ಶೂನ್ಯ ದರದ ಟಿಕೆಟು ಆ ಕೆಲಸಕ್ಕೆ ಬಂತು. ಪಾಠ ಮುಗಿಯುವ ಹೊತ್ತಿಗೆ ಟಿಕೆಟಿನ ಮೇಲೆ ಒಂದೆರಡು ಕೆಂಪು ಚುಕ್ಕೆಗಳಿರುತ್ತಿದ್ದವು. ಯಾರಾದರೂ ನೋಡಿದರೆ, “ಬಿಟ್ಟಿ ಟಿಕೆಟ್ಟು ಅಂತ ಆಡ್ಕೊಳ್ತಾರಲ್ಲ, ನೋಡ್ರಮ್ಮ, ವಿದ್ಯೆಗೂ ಉಪಯೋಗ ಆಯ್ತದೆ” ಎಂದು ನಗಿಸಿಬಿಡುತ್ತಿದ್ದರು.

ಅವರು ಚನ್ನರಾಯನದುರ್ಗದ ಬೆಟ್ಟದ ಕೆಳಗಿನ ಊರಿನವರು. ಬೌದ್ಧ ಧಮ್ಮ ಸ್ವೀಕರಿಸಿದ ಕೂಲಿಕಾರ ಕುಟುಂಬದಲ್ಲಿ ಪದವಿ ಓದಿದ ಮೊದಲ ಹೆಣ್ಣು. ದಿನವೂ ಎರಡು ಬಸ್ಸು ಬದಲಿಸಿ ನಮ್ಮ ಕಡೆಯ ಸಣ್ಣ ಪದವಿ ಕಾಲೇಜಿಗೆ ಬರುತ್ತಿದ್ದರು. ವರ್ಷ ವರ್ಷವೂ ಹೊಸ ನೇಮಕಾತಿ ಪತ್ರ, ಬೇಸಿಗೆಯಲ್ಲಿ ಸಂಬಳವಿಲ್ಲ, ಖಾಯಂ ಆಗುವ ದಾರಿಯಿಲ್ಲ. ಇದೂ ಒಂದು ಅನ್ಯಾಯವೇ. ಅವರು ಅದನ್ನು ದೂರಲಿಲ್ಲವೆಂಬ ಕಾರಣಕ್ಕೆ ಅದು ಅನ್ಯಾಯವಲ್ಲದೆ ಹೋಗುವುದಿಲ್ಲ.

ಪುಸ್ತಕದ ಯಾವ ಪದವನ್ನೂ ಅವರು ಹಾಗೆಯೇ ಬಿಡುತ್ತಿರಲಿಲ್ಲ. ಪ್ರತಿಯೊಂದಕ್ಕೂ ನಮ್ಮ ಮನೆಗಳಲ್ಲಿ ಆಡುವ ಒಂದು ಮಾತನ್ನು ಹುಡುಕಿ ಕೊಡುತ್ತಿದ್ದರು. ರಾಜರ ನಡುವಿನ ಒಪ್ಪಂದವೆಂದರೆ ಮಾತು ಮುಗಿಸಿ ವೀಳ್ಯ ಹಿಡಿದದ್ದು. ಸಾಮಂತನೆಂದರೆ ದೊಡ್ಡ ಗೌಡನ ಕೈಕೆಳಗಿನ ಸಣ್ಣ ಗೌಡ. ಕುರಿ ಕಾಯುವವರ ಮನೆಯಿಂದ ಬಂದಿದ್ದ ನನಗೆ ಇತಿಹಾಸ ದಕ್ಕಿದ್ದು ಹೀಗೆ. “ಪದಕ್ಕೂ ಒಂದು ಮನೆ ಇರ್ತದೆ ಕಣಮ್ಮ, ಅಲ್ಲಿಗೆ ಕರ್ಕೊಂಡ್ ಹೋಗಿ ಬುಡಬೇಕು” ಎನ್ನುತ್ತಿದ್ದರು. ಅವರ ಅತಿದೊಡ್ಡ ಗುಣವೂ ಇದೇ, ಅವರನ್ನು ಕೊನೆಯವರೆಗೂ ಕೊರೆದ ತಪ್ಪು ಹುಟ್ಟಿದ್ದೂ ಇದರಿಂದಲೇ.

ರಾಜ್ಯದ ಉನ್ನತ ಶಿಕ್ಷಣ ನೀತಿಗೆ ಸಮಿತಿಯೊಂದು ಶಿಫಾರಸುಗಳನ್ನು ಕೇಳುತ್ತಿದ್ದ ಕಾಲವದು. ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ದೇಶದಿಂದ ದೇಶಕ್ಕೆ ಕಳಿಸುವ ಅಂತಾರಾಷ್ಟ್ರೀಯ ಸಂಸ್ಥೆಯೊಂದು ತನ್ನ ಸಲಹೆಗಳನ್ನು ಆ ನೀತಿಯೊಳಗೆ ಸೇರಿಸಲು ಪ್ರಯತ್ನಿಸುತ್ತಿತ್ತು. ಅದಕ್ಕೆ ಹಳ್ಳಿಗಾಡಿನ ಕಾಲೇಜುಗಳ ಬೆಂಬಲ ಬೇಕಾಗಿತ್ತು. ಅದರ ಪ್ರತಿನಿಧಿಯೊಬ್ಬರು ಬೆಂಗಳೂರಿನಿಂದ ಕಾರಿನಲ್ಲಿ ಬಂದು ನಮ್ಮ ಕಾಲೇಜಿನಲ್ಲಿ ಸಮಾಲೋಚನಾ ಸಭೆ ನಡೆಸಿದರು. ಪೋಷಕರಿಗೆ ಕನ್ನಡದಲ್ಲಿ ವಿವರಿಸುವ ಹೊಣೆ ಮೇಡಂ ಮೇಲೆ ಬಿತ್ತು. ನನ್ನ ತಂಗಿ ಆಗ ಅವರ ತರಗತಿಯಲ್ಲಿದ್ದಳು. ಹಾಗಾಗಿ ನಮ್ಮವ್ವ ಮಿಡಿಗೇಶಿಯಿಂದ ಬಂದಿದ್ದಳು, ಜೊತೆಗೆ ನಾನೂ ಇದ್ದೆ.

ಹಂಚಿದ ಒಂದು ಹಾಳೆಯಲ್ಲಿ ‘ಶೈಕ್ಷಣಿಕ ವಿನಿಮಯ’ ಎಂದಿತ್ತು. ಮೇಡಂ ಆ ಪದವನ್ನೂ ಮನೆಗೆ ಕರೆದುಕೊಂಡು ಹೋದರು. ಮುಯ್ಯಾಳು ಇದ್ದ ಹಾಗೆ ಎಂದರು. ಇವತ್ತು ನಿಮ್ಮ ಹೊಲದ ಕಳೆಗೆ ನಾನು ಬಂದರೆ, ನಾಳೆ ನನ್ನ ಹೊಲದ ಕಡಲೆಕಾಯಿ ಕೀಳಲು ನೀವು ಬರುತ್ತೀರಿ. ಹಾಗೆಯೇ ನಮ್ಮ ಮಕ್ಕಳು ಅಲ್ಲಿಗೆ, ಅವರ ಮಕ್ಕಳು ಇಲ್ಲಿಗೆ. ಸಭೆಯಲ್ಲಿದ್ದ ಎಲ್ಲರ ಮುಖವೂ ಬೆಳಗಿತು. ಕೂಲಿ ಕೇಳದ, ಮೇಲು ಕೀಳಿಲ್ಲದ ಆ ಪದ್ಧತಿ ಅಲ್ಲಿದ್ದ ಯಾರಿಗೆ ತಿಳಿಯದು? ನಮ್ಮವ್ವ ಎದ್ದು ನಿಂತು, “ಅಂಗಾರೆ ಅವರ ಮಕ್ಳು ನಮ್ಮನೇಲಿ ಉಳ್ಕಂಡ್ರೆ ಮುದ್ದೆ ಉಣ್ತವಾ, ಇಲ್ಲ ಅಕ್ಕಿ ತರಬೇಕಾ?” ಎಂದು ಕೇಳಿದಳು. ಎಲ್ಲರೂ ನಕ್ಕರು. ಪ್ರತಿನಿಧಿಯೂ ನಕ್ಕು ತಲೆಯಾಡಿಸಿದರು. ಅವರಿಗೆ ಪ್ರಶ್ನೆ ಎಷ್ಟು ಅರ್ಥವಾಗಿತ್ತೋ ತಿಳಿಯದು.

ಬಲಸಮುದ್ರದಿಂದ ಬಂದಿದ್ದ ಹಿರಿಯರೊಬ್ಬರು ಮಾತ್ರ ಹಾಳೆಯನ್ನು ಕೈಯಲ್ಲೇ ಹಿಡಿದು ಕುಳಿತಿದ್ದರು. “ಸೋಲಾರಿಗೆ ಜಮೀನು ಕೊಡೋವಾಗ ಕಾಗ್ದ ನಾಕು ಸಲ ಓದಿಸ್ದೆ ನಾನು. ಇದ್ನ ಪೂರ್ತಿ ಯಾರು ಓದವ್ರೆ, ಮೇಡಮ್ಮ?”

“ನಾನು ಓದಿದೀನಿ ಕಣಪ್ಪ. ನನ್ನ ನಂಬಿ” ಎಂದರು ಮೇಡಂ.

ಅವರು ಸುಳ್ಳು ಹೇಳಲಿಲ್ಲ. ಕೊಟ್ಟಿದ್ದ ಹಾಳೆಯನ್ನು ಪೂರ್ತಿ ಓದಿದ್ದರು. ಶಿಫಾರಸುಗಳಿದ್ದ ಇಂಗ್ಲಿಷ್ ಕಡತವೊಂದು ಬೇರೆಯೇ ಇದೆಯೆಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಪೋಷಕರು ಹಾಜರಿ ಪಟ್ಟಿಯಲ್ಲಿ ಸಹಿ ಹಾಕಿದರು, ಕೆಲವರು ಹೆಬ್ಬೆಟ್ಟು ಒತ್ತಿದರು. ಊಟದ ಲೆಕ್ಕಕ್ಕೆಂದು ಹೇಳಿದ್ದ ಆ ಪಟ್ಟಿಯಲ್ಲಿ ನನ್ನ ಸಹಿಯೂ ಇದೆ.

ಆ ಕಡತದಲ್ಲಿ ಏನಿತ್ತೆಂಬುದು ನೀತಿ ಜಾರಿಯಾದ ಮೇಲೆ ತಿಳಿಯಿತು. ವಿದೇಶಿ ವಿಶ್ವವಿದ್ಯಾಲಯಗಳ ಪಠ್ಯಕ್ಕೆ ಸರಿಹೊಂದದ ವಿಷಯಗಳನ್ನು ಸಣ್ಣ ಕಾಲೇಜುಗಳಲ್ಲಿ ಮುಚ್ಚಿ, ವಿದ್ಯಾರ್ಥಿಗಳನ್ನು ಜಿಲ್ಲಾ ಕೇಂದ್ರಕ್ಕೆ ಸೇರಿಸಬೇಕು ಎಂದಿತ್ತು. ಹಾಗೆ ಉಳಿಯುವ ಹಣ ವಿನಿಮಯ ನಿಧಿಗೆ ಹೋಗಬೇಕು ಎಂದಿತ್ತು. ಸಮಿತಿ ಆ ಸಾಲುಗಳನ್ನು ಒಂದಕ್ಷರವೂ ಬದಲಿಸದೆ ತನ್ನವಾಗಿಸಿಕೊಂಡಿತು. ಸಂಸ್ಥೆಯ ವರದಿಯ ಒಂದು ಪುಟದಲ್ಲಿ ಮೇಡಂ ಭಾವಚಿತ್ರ. ಅದರ ಕೆಳಗೆ ಇಂಗ್ಲಿಷಿನಲ್ಲಿ, ಗ್ರಾಮೀಣ ಬೋಧಕರು ಈ ಶಿಫಾರಸುಗಳನ್ನು ಮನಃಪೂರ್ವಕ ಬೆಂಬಲಿಸುತ್ತಾರೆ ಎಂಬ ವಾಕ್ಯ. ಹಾಜರಿ ಪಟ್ಟಿಯೇ ಸಮ್ಮತಿ ಪತ್ರವಾಗಿ ಹಿಂದೆ ಲಗತ್ತಾಗಿತ್ತು. ನಮ್ಮ ಕಾಲೇಜಿನ ಇತಿಹಾಸ ವಿಭಾಗ ಮುಚ್ಚಿತು. ವಿದೇಶಕ್ಕೆ ಹೋದವರು ನಗರದ ಖಾಸಗಿ ವಿಶ್ವವಿದ್ಯಾಲಯಗಳ ಮಕ್ಕಳು. ಮಿಡಿಗೇಶಿಗೆ ಯಾವ ಮಗುವೂ ಬರಲಿಲ್ಲ.

ಹದಿನೇಳು ಜನರಲ್ಲಿ ತುಮಕೂರಿಗೆ ಹೋಗಿ ಓದು ಮುಂದುವರಿಸಿದವರು ನಾಲ್ವರು. ನನ್ನ ತಂಗಿ ಮಧುಗಿರಿಯ ಬಟ್ಟೆ ಅಂಗಡಿಗೆ ಸೇರಿದಳು. ಮೇಡಂಗೆ ಆ ವರ್ಷದ ನೇಮಕಾತಿ ಪತ್ರ ಬರಲಿಲ್ಲ. ಸಿರಾದ ಟ್ಯೂಷನ್ ಕೇಂದ್ರವೊಂದರಲ್ಲಿ ಪಾಠ ಹಿಡಿದರು. ಅದಕ್ಕೂ ಮೊದಲು ಅವರು ಮಾಡಿದ ಕೆಲಸವನ್ನು ಯಾವ ಸಮಿತಿಯೂ ಮಾಡಲಾರದು. ಸಹಿ ಹಾಕಿದ್ದ ಒಬ್ಬೊಬ್ಬರ ಮನೆಗೂ ಹೋಗಿ, ನಾನು ಹೇಳಿದ್ದು ತಪ್ಪಾಯಿತು ಎಂದು ಹೇಳಿ ಬಂದರು.

ನಮ್ಮ ಮನೆಗೆ ಬಂದ ಮಧ್ಯಾಹ್ನ ಅವ್ವ ಜಗಲಿಯಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಳು. ಮೇಡಂ ಮೆಟ್ಟಿಲ ಮೇಲೆಯೇ ನಿಂತರು. “ಮುಯ್ಯಿ ಅಂದ್ಬುಟ್ಟೆ ಕಣಮ್ಮ. ಮುಯ್ಯಿ ಅಂದ್ರೆ ತೀರಿಸೋರು ಇರಬೇಕಿತ್ತು. ಅವರು ತೀರಿಸೋರಲ್ಲ. ನಾನು ತಿಳ್ಕೊಳ್ದೆ ನಿಮ್ಮ ಕೈಲೆಲ್ಲ ಸಹಿ ಹಾಕಿಸ್ಬುಟ್ಟೆ.”

ಅವ್ವ ತಲೆಯೆತ್ತಲಿಲ್ಲ. ಮಗಳ ಓದು ನಿಂತ ನೋವು ಅವಳಿಗೂ ಇತ್ತು. ಆದರೂ ಪಕ್ಕದ ಮಣೆಯನ್ನು ಕಾಲಿಂದಲೇ ಮುಂದೆ ತಳ್ಳಿದಳು. “ಕುತ್ಕೋ ತಾಯಿ. ಇವತ್ತು ನಮ್ಮ ಹುಣಸೆ ಬಿಡಿಸು. ನಿಮ್ಮ ಮರ ಬಿಟ್ಟಾಗ ನಾನು ಬತ್ತೀನಿ.”

“ನಮಗೆ ಮರಾನೇ ಇಲ್ವಲ್ಲಮ್ಮ.”

“ನೆಟ್ಟಾಗ ಹೇಳು, ಅದ್ಕೇನಂತೆ.”

ಬಿರಿದ ಬೆರಳಿಗೆ ಹುಣಸೆಯ ಹುಳಿ ಎಷ್ಟು ಉರಿಯುತ್ತದೆಂದು ನನಗೆ ಗೊತ್ತಿತ್ತು. ಬೇಡವೆನ್ನಲು ಹೋದೆ, ಮೇಡಂ ಕಣ್ಣಿನಲ್ಲೇ ತಡೆದರು. ಬುಟ್ಟಿ ಬರಿದಾಗುವವರೆಗೆ ಎದ್ದೇಳಲಿಲ್ಲ.

ವರದಿಯ ಆ ಪುಟದಿಂದ ತಮ್ಮನ್ನು ತೆಗೆಯಬೇಕೆಂದು ಅವರು ಸಂಸ್ಥೆಗೆ, ಸಮಿತಿಗೆ ಕನ್ನಡದಲ್ಲಿ ಪತ್ರ ಬರೆದರು. ತಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದಗಳೆಂದು ಸಂಸ್ಥೆ ಉತ್ತರಿಸಿತು. ಸಮಿತಿ ತನ್ನ ಅವಧಿ ಮುಗಿದಿದೆ ಎಂದಿತು. ಮತ್ತೊಂದು ಪತ್ರವನ್ನು ನಾವಿಬ್ಬರೂ ಕೂತು ಇಂಗ್ಲಿಷಿನಲ್ಲಿ ಬರೆದೆವು. ಮುಯ್ಯಿ ಎಂಬಲ್ಲಿಗೆ ಬಂದಾಗ ನಾನು ಸೂಚಿಸಿದ ಪದಗಳನ್ನೆಲ್ಲ ಅವರು ಹೊಡೆದುಹಾಕಿದರು. “ಒಂದ್ ಸಲ ಬದಲಾಯಿಸಿ ಕೆಟ್ಟಿದ್ದು ಸಾಕು” ಎಂದು ಆ ಒಂದು ಪದವನ್ನು ಕನ್ನಡ ಅಕ್ಷರದಲ್ಲೇ ಉಳಿಸಿದರು. ಆ ಪತ್ರಕ್ಕೆ ಉತ್ತರವೇ ಬರಲಿಲ್ಲ.

ಅವರಿಗೆ ಕಾಯಿಲೆ ಮೊದಲೇ ಇತ್ತು. ಈ ನೀತಿಯೇ ಅವರನ್ನು ಕೊಂದಿತೆಂದು ನಾನು ಬರೆಯುವುದಿಲ್ಲ. ಆಧಾರವಿಲ್ಲದ ವಾಕ್ಯವನ್ನು ಅವರು ನನ್ನ ಉತ್ತರಪತ್ರಿಕೆಯಲ್ಲೂ ಉಳಿಯಗೊಟ್ಟವರಲ್ಲ. ಆದರೆ ತುಮಕೂರಿನ ಆಸ್ಪತ್ರೆಯಲ್ಲಿ, ಕೊನೆಯ ವಾರ, ನೋವಿನ ಬಗ್ಗೆ ಒಂದು ಮಾತೂ ಆಡದ ಅವರು ನನ್ನ ಕೈ ಹಿಡಿದು ಹೇಳಿದ್ದು ಇದನ್ನೇ: “ನಾನು ಹೋದ್ಮೇಲೂ ಆ ಪುಟದಲ್ಲಿ ಬೆಂಬಲ ಕೊಡ್ತಾನೇ ಇರ್ತೀನಲ್ಲಮ್ಮ.”

ಅವರು ಹೋಗಿ ವರ್ಷ ತುಂಬುತ್ತಾ ಬಂತು, ಆ ಪುಟ ಇಂದಿಗೂ ಸಂಸ್ಥೆಯ ಜಾಲತಾಣದಲ್ಲಿದೆ. ಬೇರೆ ರಾಜ್ಯದ ನೀತಿಗೂ ಅದನ್ನೇ ಸಾಕ್ಷಿಯಾಗಿ ತೋರಿಸುತ್ತಿದ್ದಾರೆಂದು ಕೇಳಿದ್ದೇನೆ.

ಆದ್ದರಿಂದ ಆ ಸಂಸ್ಥೆಯವರಿಗೂ ಉನ್ನತ ಶಿಕ್ಷಣ ಇಲಾಖೆಯವರಿಗೂ ನನ್ನ ಒತ್ತಾಯವಿದು. ಈ ವರ್ಷದ ಪ್ರವೇಶ ಪ್ರಕಟಣೆ ಹೊರಡುವುದರೊಳಗೆ ನಮ್ಮ ಕಾಲೇಜಿನ ಇತಿಹಾಸ ವಿಭಾಗವನ್ನು ಮತ್ತೆ ತೆರೆಯಿರಿ. ಹಾಜರಿ ಪಟ್ಟಿಯನ್ನು ಸಮ್ಮತಿಯೆಂದು ಬಳಸಿದ್ದು ತಪ್ಪೆಂದು ಸಹಿ ಹಾಕಿದ ಪ್ರತಿಯೊಬ್ಬರಿಗೂ ಕನ್ನಡದಲ್ಲಿ ಬರೆದು ತಿಳಿಸಿ. ಮೇಡಂ ಭಾವಚಿತ್ರವನ್ನೂ ಅವರು ಆಡದ ಆ ವಾಕ್ಯವನ್ನೂ ವರದಿಯಿಂದ ತೆಗೆದು, ಅದೇ ಪುಟದಲ್ಲಿ ಅವರ ಪತ್ರವನ್ನು ಪೂರ್ತಿಯಾಗಿ ಅಚ್ಚು ಮಾಡಿ. ಅದರಲ್ಲಿ ಕನ್ನಡದಲ್ಲಿ ಉಳಿಸಿರುವ ಒಂದು ಪದವಿದೆ. ಅದನ್ನು ಅನುವಾದಿಸಬೇಡಿ.